ಲಿನಕ್ಸ್ ಹಾಕುವ ಮುನ್ನ, ಹಾಕಿದ ಮೇಲೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟುಗಳು ನಿಂತವು. ತಿಪಟೂರಿನಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿಯಿದೆ. ಟೈಪಿಂಗು, ಜೆರಾಕ್ಸು, ಜೊತೆಗೆ ಕಂಪ್ಯೂಟರ್ ರಿಪೇರಿ. ಅಪ್‌ಡೇಟು ನಿಂತಾಗಿನಿಂದ ರಿಪೇರಿಗೆ ಬರುವ ಹಳೇ ಲ್ಯಾಪ್‌ಟಾಪುಗಳ ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತದೆ: "ಅಕ್ಕಾ, ಇದು ಹನ್ನೊಂದಕ್ಕೆ ಹೋಗಲ್ವಂತೆ. ಎಸೀಬೇಕಾ?"

ಎಸೆಯಬೇಕಾಗಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನದ್ದೋ ಆಮೇಲಿನದ್ದೋ ಬೇಕು. ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್‌ಗೆ ಇಂಥ ಹಟವಿಲ್ಲ. 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಇದ್ದರೆ ಕೂರುತ್ತದೆ. 4 ಜಿಬಿ ಇದ್ದರೆ ನೆಮ್ಮದಿ. ದುಡ್ಡು ಕೊಡಬೇಕಿಲ್ಲ. ತೀರಾ ಹಳೆಯ 32 ಬಿಟ್ ಯಂತ್ರ ತಂದವರಿಗೆ ಮಾತ್ರ ಈಗ ಆಯ್ಕೆ ಕಡಿಮೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಕೂಡ ಅಂಥವಕ್ಕೆ ಇನ್‌ಸ್ಟಾಲರ್ ಕೊಡುವುದನ್ನು ಬಿಟ್ಟಿತು.

"ಲಿನಕ್ಸ್ ಕಷ್ಟವಂತೆ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಕಷ್ಟ ಇರುವುದು ನಿಜ, ಆದರೆ ಜನ ಅಂದುಕೊಂಡ ಜಾಗದಲ್ಲಿ ಇಲ್ಲ. ಇನ್‌ಸ್ಟಾಲ್ ಅನ್ನುವ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಭಾಷೆ, ಊರು, ಹೆಸರು, ಪಾಸ್‌ವರ್ಡ್ ಕೇಳಿ ಅದರ ಪಾಡಿಗೆ ಅದು ಹಾಕಿಕೊಳ್ಳುತ್ತದೆ. ನನ್ನ ಮೇಜಿಗೆ ಬರುವ ತೊಂದರೆಗಳೆಲ್ಲ ಒಂದೋ ಅದಕ್ಕೂ ಮುಂಚಿನವು, ಅಂದರೆ ಪೆನ್‌ಡ್ರೈವು, ಬಯೋಸು, ಡಿಸ್ಕಿನವು. ಇಲ್ಲ ಒಂದು ವಾರದ ನಂತರದವು, ಅಂದರೆ ಹೊರಗಿನಿಂದ ತಂದು ಹಾಕಿದ ಸಾಫ್ಟ್‌ವೇರಿನವು. ನಡುವಿನ ಲಿನಕ್ಸ್ ಬಗ್ಗೆ ದೂರು ಬರುವುದು ಅಪರೂಪ.

ಮೊದಲು ಪೆನ್‌ಡ್ರೈವ್. ಉಬುಂಟು ಎಂಬ ಲಿನಕ್ಸ್ 2004ರಲ್ಲಿ ಶುರುವಾದಾಗ ಕೇಳಿದವರಿಗೆ ಟಪಾಲಿನಲ್ಲೇ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು. 2011ರಲ್ಲಿ ಆ ವ್ಯವಸ್ಥೆ ನಿಂತಿತು. ಸಿ.ಡಿ. ಒಳಗೆ ತಳ್ಳಿದರೆ ಆಯಿತು, ಬೂಟ್ ಆಗುತ್ತಿತ್ತು. ಈಗ ಆ ಸಿ.ಡಿ.ಯನ್ನು ನಾವೇ ತಯಾರಿಸಿಕೊಳ್ಳಬೇಕು, ಪೆನ್‌ಡ್ರೈವಿನ ಮೇಲೆ. ಇಳಿಸಿಕೊಳ್ಳುವ ಫೈಲಿನ ಹೆಸರಿನ ಕೊನೆಯಲ್ಲಿ ಐಎಸ್‌ಒ ಎಂದಿರುತ್ತದೆ. ಅದು ಒಂದು ಪೂರ್ತಿ ಡಿಸ್ಕಿನ ಪಡಿಯಚ್ಚು: ಯಾವ ಜಾಗದಲ್ಲಿ ಯಾವ ಬೈಟ್ ಇರಬೇಕು ಅನ್ನುವುದೂ ಸೇರಿ. ಹುಡುಗರು ಅದನ್ನು ಹಾಡಿನ ಫೈಲಿನಂತೆ ಕಾಪಿ ಮಾಡಿ ಪೇಸ್ಟ್ ಮಾಡಿಕೊಂಡು ಬಂದು "ಬೂಟ್ ಆಗ್ತಿಲ್ಲ ಅಕ್ಕ" ಅನ್ನುತ್ತಾರೆ. ರಾಗಿ ಹಿಟ್ಟಿನ ಪೊಟ್ಟಣವನ್ನೇ ತಟ್ಟೆಗಿಟ್ಟು ಮುದ್ದೆ ಅಂದ ಹಾಗೆ.

ಯಂತ್ರ ಏನು ಹುಡುಕುತ್ತದೆ ಅನ್ನುವುದು ತಿಳಿದರೆ ಇದು ಅರ್ಥವಾಗುತ್ತದೆ. ಆನ್ ಮಾಡಿದೊಡನೆ ಮೊದಲು ಏಳುವ ಹಳೇ ಬಯೋಸ್, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿರುವ ಪುಟ್ಟ ಪ್ರೋಗ್ರಾಂ ಓಡಿಸುತ್ತದೆ. ಈಗಿನ ಯುಇಎಫ್‌ಐ ಯಂತ್ರಗಳು ಪೆನ್‌ಡ್ರೈವಿನಲ್ಲಿ ಒಂದು ಫ್ಯಾಟ್ ಪಾರ್ಟಿಷನ್ ಹುಡುಕಿ, ಅದರೊಳಗೆ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅಲ್ಲಿ ಗೊತ್ತುಪಡಿಸಿದ ಹೆಸರಿನ ಒಂದು ಫೈಲ್ ಇದೆಯೇ ನೋಡುತ್ತವೆ. ಐಎಸ್‌ಒ ಸುಮ್ಮನೆ ಒಂದು ಫೈಲಾಗಿ ಕೂತಿದ್ದರೆ ಇದೆಲ್ಲ ಅದರ ಹೊಟ್ಟೆಯೊಳಗೆ ಇದ್ದುಬಿಡುತ್ತದೆ, ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ರೂಫಸ್ ಅಥವಾ ಬಲೇನಾ ಎಚರ್‌ನಂಥ ಪ್ರೋಗ್ರಾಮಿನಿಂದ ಅದನ್ನು ಪೆನ್‌ಡ್ರೈವಿನ ಮೇಲೆ ಹರಡಿ ಬರೆಯಬೇಕು. 8 ಜಿಬಿಯ ಪೆನ್‌ಡ್ರೈವ್ ಸಾಕು. ಮಿಂಟಿನ ಫೈಲು ಸುಮಾರು 3 ಜಿಬಿ.

ಇದಕ್ಕೊಂದು ಅಪವಾದವಿದೆ, ವೆಂಟಾಯ್ ಅಂತ. ಅದನ್ನು ಒಮ್ಮೆ ಪೆನ್‌ಡ್ರೈವಿಗೆ ಹಾಕಿಬಿಟ್ಟರೆ ಆಮೇಲೆ ನಿಜಕ್ಕೂ ಕಾಪಿ ಪೇಸ್ಟ್ ಮಾಡಿದರೇ ಸಾಕು. ಹತ್ತಾರು ಐಎಸ್‌ಒ ತುಂಬಿಟ್ಟುಕೊಂಡು ಬೂಟ್ ಆಗುವಾಗ ಬೇಕಾದ್ದನ್ನು ಆರಿಸಬಹುದು. ನನ್ನ ಕೀಗೊಂಚಲಿನಲ್ಲಿ ಸದಾ ಇರುವುದು ಅದೇ.

ಐಎಸ್‌ಒ ಹೀಗೆ ಹರಡಿ ಬರೆದಾದ ಮೇಲೆ ಇನ್ನೊಂದು ಗಾಬರಿ. ಆ ಪೆನ್‌ಡ್ರೈವನ್ನು ಮತ್ತೆ ವಿಂಡೋಸ್‌ಗೆ ಚುಚ್ಚಿದರೆ ಅದು "ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳಬಹುದು, ಅಥವಾ 32 ಜಿಬಿಯದ್ದನ್ನು ಕೆಲವೇ ಎಂಬಿ ಎಂದು ತೋರಿಸಬಹುದು. ಪೆನ್‌ಡ್ರೈವ್ ಸತ್ತಿಲ್ಲ. ಅದರ ಮೇಲಿನ ಪಾರ್ಟಿಷನ್‌ಗಳನ್ನು ವಿಂಡೋಸ್‌ಗೆ ಓದಲು ಬರುವುದಿಲ್ಲ, ಅಷ್ಟೆ. ಕೆಲಸ ಮುಗಿದ ಮೇಲೆ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿದರೆ ಜಾಗವೆಲ್ಲ ವಾಪಸು. ನಿಜವಾಗಿ ಸತ್ತವೂ ಬರುತ್ತವೆ ಅನ್ನಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ, ಮೇಲೆ ಒಂದು ಅಳತೆ ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ಮಾಲು. ಅರ್ಧ ಬರೆದಂತೆ ನಟಿಸಿ ಬೂಟ್ ಆಗುವಾಗ ಕೈಕೊಡುತ್ತದೆ. ಎಫ್3 ಎಂಬ ಸಣ್ಣ ಪ್ರೋಗ್ರಾಂ ಇಂಥ ಕಳ್ಳ ಅಳತೆಯನ್ನು ಹಿಡಿದುಕೊಡುತ್ತದೆ.

ಲಿನಕ್ಸಿನಿಂದಲೇ ಪೆನ್‌ಡ್ರೈವ್ ಬರೆಯುವವರು ಡಿಡಿ ಎಂಬ ಆಜ್ಞೆ ಬಳಸುತ್ತಾರೆ. ಹೇಳಿದಲ್ಲಿಗೆ ಹೇಳಿದ್ದನ್ನು ಬರೆಯುತ್ತದೆ, ಒಂದು ಮಾತು ಎದುರು ಕೇಳುವುದಿಲ್ಲ. "ಎಸ್‌ಡಿಎ ಅಂದ್ರೆ ಒಳಗಿನ ಹಾರ್ಡ್‌ಡಿಸ್ಕು, ಎಸ್‌ಡಿಬಿ ಅಂದ್ರೆ ಪೆನ್‌ಡ್ರೈವು" ಎಂದು ಬಾಯಿಪಾಠ ಮಾಡಿಕೊಂಡವರು ಬಹಳ. ಅದು ಹಳೇ ಪಾಠ. ಎನ್‌ವಿಎಂಇ ಡಿಸ್ಕಿನ ಲ್ಯಾಪ್‌ಟಾಪಿನಲ್ಲಿ ಒಳಗಿನ ಡಿಸ್ಕಿಗೆ ಬೇರೆಯದೇ ಹೆಸರು. ಅಲ್ಲಿ ಚುಚ್ಚಿದ ಪೆನ್‌ಡ್ರೈವೇ ಎಸ್‌ಡಿಎ ಆಗುವುದುಂಟು. ಆಜ್ಞೆ ಒತ್ತುವ ಮುಂಚೆ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಹೊಡೆದು ಜಿಬಿ ಲೆಕ್ಕ ನೋಡುವುದು ಒಳ್ಳೆಯದು. ಹೆಸರು ಬದಲಾಗುತ್ತದೆ, ಅಳತೆ ಬದಲಾಗುವುದಿಲ್ಲ.

ಇಳಿಸಿಕೊಂಡ ಫೈಲು ಸರಿಯಾಗಿದೆಯೇ ಎಂದು ಪರೀಕ್ಷಿಸುವವರು ತೀರಾ ಕಮ್ಮಿ. 2016ರ ಫೆಬ್ರುವರಿ 20ರಂದು ಲಿನಕ್ಸ್ ಮಿಂಟಿನ ಜಾಲತಾಣಕ್ಕೇ ನುಗ್ಗಿದ ಕಳ್ಳರು ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಕೊರೆದ ಮಿಂಟ್ 17.3ರ ಸಿನಮನ್ ಆವೃತ್ತಿ ಸಿಗುವಂತೆ ಮಾಡಿದ್ದರು. ಮಿಂಟಿನವರೇ ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಪ್ರತಿ ಐಎಸ್‌ಒ ಜೊತೆಗೂ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಒಂದು ಸಾಲು ಪ್ರಕಟಿಸುತ್ತಾರೆ. ನಮ್ಮ ಫೈಲಿನಿಂದ ಅದೇ ಲೆಕ್ಕ ತೆಗೆದಾಗ ಒಂದು ಅಕ್ಷರ ಬೇರೆ ಬಂದರೂ ಆ ಫೈಲನ್ನು ಬಿಸಾಕಬೇಕು. ಆ ಸಾಲಿಗೂ ಮಿಂಟಿನವರ ಡಿಜಿಟಲ್ ಸಹಿ ಇರುತ್ತದೆ. ತಾಣವನ್ನೇ ಕೆಡಿಸಿದವರು ಸಾಲನ್ನೂ ಬದಲಿಸಬಲ್ಲರು, ಸಹಿಯನ್ನು ಅಷ್ಟು ಸುಲಭವಾಗಿ ಮಾಡಲಾರರು. ಕಳ್ಳರ ಮಾತು ಬಿಡಿ, ನಮ್ಮ ಕಡೆ ಮೊಬೈಲ್ ಡೇಟಾದಲ್ಲಿ ಇಳಿಸುವಾಗ ನಡುವೆ ಕಡಿದು ಹಾಳಾದ ಫೈಲುಗಳನ್ನೇ ಈ ಪರೀಕ್ಷೆ ಹೆಚ್ಚು ಹಿಡಿಯುತ್ತದೆ.

ಇನ್ನು ಯಂತ್ರವನ್ನು ಪೆನ್‌ಡ್ರೈವಿನಿಂದ ಎಬ್ಬಿಸುವುದು. ಸ್ವಿಚ್ ಒತ್ತಿದ ಕೂಡಲೇ ಬೂಟ್ ಮೆನುವಿನ ಕೀಲಿ ಟಪಟಪ ಒತ್ತಬೇಕು: ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಏಸರ್‌ನ ಹಲವು ಮಾದರಿಗಳಲ್ಲಿ ಬಯೋಸಿಗೆ ಹೋಗಿ ಎಫ್12 ಮೆನುವನ್ನು ಮೊದಲು ಆನ್ ಮಾಡಬೇಕು. ಸಹಿಯಿಲ್ಲದ್ದನ್ನು ಬೂಟ್ ಆಗಲು ಬಿಡದ ಸೆಕ್ಯೂರ್ ಬೂಟ್ ಆಫ್ ಮಾಡು ಎಂದು ಸಿಕ್ಕವರೆಲ್ಲ ಉಪದೇಶ ಮಾಡುತ್ತಾರೆ. ಉಬುಂಟು, ಮಿಂಟ್, ಫೆಡೊರಾಗಳಿಗೆ ಅದು ಬೇಕಿಲ್ಲ. ಮೈಕ್ರೋಸಾಫ್ಟ್ ಸಹಿಯಿರುವ ಶಿಮ್ ಎಂಬ ಸಣ್ಣ ಪ್ರೋಗ್ರಾಂ ಅವುಗಳ ಜೊತೆಗೇ ಬರುತ್ತದೆ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದು ಸೆಕ್ಯೂರ್ ಬೂಟಿಗೆ ಕೈ ಹಾಕಿದಿರೋ, ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಬರೆದಿಟ್ಟುಕೊಂಡ ಗಿರಾಕಿಯನ್ನು ನಾನಿನ್ನೂ ನೋಡಿಲ್ಲ. ತಮ್ಮ ಲ್ಯಾಪ್‌ಟಾಪಿನಲ್ಲಿ ಅದು ಆನ್ ಆಗಿದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಒಂದು ಸಂಜೆ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಬಂದ. ಪೆನ್‌ಡ್ರೈವಿನಿಂದ ಉಬುಂಟು ಚೆನ್ನಾಗಿ ಎದ್ದಿದೆ, ಇನ್‌ಸ್ಟಾಲ್ ಒತ್ತಿದರೆ ಒಳಗಿನ ಡಿಸ್ಕೇ ಪಟ್ಟಿಯಲ್ಲಿಲ್ಲ. "ಅಕ್ಕಾ, ಹಾರ್ಡ್‌ಡಿಸ್ಕ್ ಹೋಗಿದ್ಯಾ?"

"ವಿಂಡೋಸ್ ಓಡ್ತಿದ್ಯಾ?"

"ಓಡ್ತಿದೆ."

"ಹಾಗಾದ್ರೆ ಡಿಸ್ಕ್ ಎಲ್ಲಿಗೆ ಹೋಗುತ್ತೋ ಮಾರಾಯ!"

ಬಯೋಸಿನ ಸ್ಟೋರೇಜ್ ಪುಟ ತೆಗೆದೆ. ಎಸ್‌ಎಸ್‌ಡಿ ಒಂದೇ ಇದ್ದರೂ "ರೇಡ್ ಆನ್" ಎಂದಿತ್ತು. ಕಾರ್ಖಾನೆಯಿಂದಲೇ ಹೀಗೆ ಬರುವ ಲ್ಯಾಪ್‌ಟಾಪುಗಳು ಬಹಳ. ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ವ್ಯವಸ್ಥೆ ಡಿಸ್ಕನ್ನು ತನ್ನ ಹಿಂದೆ ಬಚ್ಚಿಟ್ಟುಕೊಂಡಿರುತ್ತದೆ, ಎಷ್ಟೋ ಸಲ ಲಿನಕ್ಸಿಗೆ ಅದು ಕಾಣುವುದಿಲ್ಲ. ಎಎಚ್‌ಸಿಐ ಎಂದು ಬದಲಿಸಿದರೆ ಕಾಣುತ್ತದೆ. ಹುಡುಗ ಆಗಲೇ ಬಾಣದ ಕೀಲಿಯ ಮೇಲೆ ಬೆರಳಿಟ್ಟಿದ್ದ. "ತಡಿಯಪ್ಪಾ" ಅಂದೆ. ಹಾಗೇ ಬದಲಿಸಿದರೆ ಲಿನಕ್ಸಿಗೆ ಡಿಸ್ಕ್ ಸಿಗುತ್ತದೆ, ವಿಂಡೋಸಿಗೆ ತಪ್ಪಿಹೋಗುತ್ತದೆ. ನೀಲಿ ಪರದೆ ತೋರಿಸಿ ಸುತ್ತು ಹೊಡೆಯುತ್ತದೆ. ಇವನಿಗೆ ಎರಡೂ ಬೇಕಿತ್ತು. ಮೊದಲು ವಿಂಡೋಸಿಗೆ ಹೋಗಿ, ಬಿಟ್‌ಲಾಕರ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿದೆವು. ರೀಸ್ಟಾರ್ಟ್ ಮಾಡಿ ನೇರ ಬಯೋಸಿಗೆ ಹೋಗಿ ಎಎಚ್‌ಸಿಐ ಆರಿಸಿದೆವು. ವಿಂಡೋಸ್ ಸೇಫ್ ಮೋಡಿನಲ್ಲಿ ಎದ್ದು ತನಗೆ ಬೇಕಾದ ಡ್ರೈವರ್ ಹಿಡಿದುಕೊಂಡಿತು. ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಆಮೇಲೆ ಉಬುಂಟುವಿನ ಪಟ್ಟಿಯಲ್ಲಿ 512 ಜಿಬಿ ಕಾಣಿಸಿತು. ಇಷ್ಟರಲ್ಲಿ ಲಿನಕ್ಸ್ ಮಾಡಿದ್ದು ಏನೂ ಇಲ್ಲ ಅನ್ನುವುದನ್ನು ಗಮನಿಸಿ. ವಿಂಡೋಸಿನಲ್ಲೊಂದು ಟಿಕ್ಕು, ಬಯೋಸಿನಲ್ಲೊಂದು ಆಯ್ಕೆ. ಆದರೂ ಮನೆಗೆ ಹೋಗಿ ಅವನು "ಲಿನಕ್ಸ್ ಹಾಕೋದು ಕಷ್ಟ" ಅಂತಲೇ ಹೇಳಿರುತ್ತಾನೆ.

ಎರಡನ್ನೂ ಇಟ್ಟುಕೊಳ್ಳುವವರಿಗೆ ಇನ್ನೆರಡು ಮಾತು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಬಿಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ಲಿನಕ್ಸಿನಿಂದ ಆ ಡ್ರೈವಿಗೆ ಹೋದರೆ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಎರಡನೆಯದು, ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಮಾಯವಾಯಿತೆಂದು ಅಳುತ್ತಾ ಬರಬೇಡಿ. ಸಾಮಾನ್ಯವಾಗಿ ಬಯೋಸಿನಲ್ಲಿ ಬೂಟ್ ಆರ್ಡರ್ ಮೇಲೆ ಕೆಳಗಾಗಿರುತ್ತದೆ, ಅಷ್ಟೆ.

ಇನ್‌ಸ್ಟಾಲ್ ಒತ್ತುವ ಮೊದಲು ಪೆನ್‌ಡ್ರೈವಿನಿಂದಲೇ ಸ್ವಲ್ಪ ಹೊತ್ತು ಓಡಿಸಿ ನೋಡಲು ಬಹುಪಾಲು ಜನಪ್ರಿಯ ಲಿನಕ್ಸುಗಳು ಬಿಡುತ್ತವೆ. ಡಿಸ್ಕಿಗೆ ಏನೂ ಆಗುವುದಿಲ್ಲ. ವೈಫೈ ಹಿಡಿಯುತ್ತದೆಯೇ, ಸೌಂಡ್ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆಗೆದರೆ ಏಳುತ್ತದೆಯೇ, ಬೆರಳಿಗೆ ಟಚ್‌ಪ್ಯಾಡ್ ಸ್ಪಂದಿಸುತ್ತದೆಯೇ? ಪುಕ್ಕಟೆ ಸಿಗುವ ಈ ಸೌಲಭ್ಯವನ್ನು ಜನ ಉಪಯೋಗಿಸದೆ ನೇರ ಮುಂದಿನ ಬಟನ್ ಒತ್ತುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ವೈಫೈ ಹಿಡಿಯದಿದ್ದರೆ ಅದಕ್ಕೂ ಹಿನ್ನೆಲೆಯಿದೆ. ಹಲವು ವೈಫೈ, ಗ್ರಾಫಿಕ್ಸ್ ಚಿಪ್ಪುಗಳು ತಮ್ಮ ಕಂಪನಿ ಕೊಡುವ ಫರ್ಮ್‌ವೇರ್ ಅಥವಾ ಡ್ರೈವರ್ ಇಲ್ಲದೆ ಏಳುವುದಿಲ್ಲ, ಅವುಗಳ ಒಳಗಿನ ಕೋಡನ್ನು ಕಂಪನಿ ತೋರಿಸುವುದಿಲ್ಲ. ಮುಕ್ತ ತಂತ್ರಾಂಶದ ತತ್ತ್ವಕ್ಕೆ ಕಟ್ಟುಬಿದ್ದ ಡೆಬಿಯನ್ ಇಂಥವನ್ನು ವರ್ಷಾನುಗಟ್ಟಲೆ ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿತ್ತು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಒಳಗೆ ಬಿಟ್ಟುಕೊಂಡರು. 2023ರ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಗೇ ಬರುತ್ತಿದೆ. ತತ್ತ್ವ ಸಡಿಲವಾಯಿತೆಂದು ಬೇಸರಪಟ್ಟವರಿದ್ದಾರೆ. ನನ್ನ ಮಟ್ಟಿಗೆ, ಇಂಟರ್ನೆಟ್ ಇಲ್ಲದ ಯಂತ್ರ ಕೊಟ್ಟು ಸ್ವಾತಂತ್ರ್ಯದ ಮಾತಾಡುವುದು ಗಿರಾಕಿಯೆದುರು ನಡೆಯದ ಮಾತು. ಉಬುಂಟುವಿನಲ್ಲಿ ಗ್ರಾಫಿಕ್ಸ್ ಮತ್ತು ವೈಫೈಗೆ ಹೊರಗಿನ ಸಾಫ್ಟ್‌ವೇರ್ ಹಾಕಲೇ ಎಂದು ಇನ್‌ಸ್ಟಾಲರೇ ಕೇಳುತ್ತದೆ, ಅಲ್ಲಿ ಟಿಕ್ ಮಾಡಿ. ಅದನ್ನು ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಅದು ಬೇಕು ಅನ್ನುವ ಇಕ್ಕಟ್ಟು ಬಂದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವೈರಿನಿಂದ ಚುಚ್ಚಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ವೈರಿನ ನೆಟ್‌ವರ್ಕ್ ಎಂದೇ ತಿಳಿದು ಯಾವ ಡ್ರೈವರೂ ಕೇಳದೆ ಹಿಡಿದುಕೊಳ್ಳುತ್ತದೆ.

ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರದಲ್ಲಿ ಹೊರಗಿನ ಡ್ರೈವರ್ ಹಾಕುವಾಗ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳುತ್ತದೆ. ಯಾಕೆಂದು ಓದದೆ ಏನೋ ಒಂದು ಕೊಟ್ಟು ಮುಂದೆ ಹೋಗುತ್ತಾರೆ. ರೀಸ್ಟಾರ್ಟ್ ಆದ ಕೂಡಲೇ ನೀಲಿ ಪರದೆಯ ಮೇಲೆ ಎಂಒಕೆ ಮ್ಯಾನೇಜ್‌ಮೆಂಟ್ ಅಂತ ಏನೋ ಬರುತ್ತದೆ, ಹತ್ತು ಸೆಕೆಂಡ್ ಕಾಯುತ್ತದೆ, ಗಾಬರಿಯಲ್ಲಿ ಕಂಟಿನ್ಯೂ ಒತ್ತುತ್ತಾರೆ. ಅಲ್ಲಿಗೆ ಡ್ರೈವರ್ ಹಾಕಿಯೂ ಹಾಕದಂತೆ. ಸಹಿ ಒಪ್ಪಿಸದ ಕಾರಣ ಯಂತ್ರ ಅದನ್ನು ಓಡಿಸುವುದಿಲ್ಲ. ಆ ನೀಲಿ ಪರದೆಯಲ್ಲಿ ಎನ್‌ರೋಲ್ ಎಂಒಕೆ ಆರಿಸಿ, ಆಗ ಕೊಟ್ಟ ಅದೇ ಪಾಸ್‌ವರ್ಡ್ ಕೊಡಬೇಕಿತ್ತು. "ಪರದೆ ಮೇಲೆ ಏನು ಬಂದರೂ ಒಂದು ಫೋಟೊ ಹೊಡ್ಕೊಂಡು ಬನ್ನಿ" ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. "ಏನೋ ಇಂಗ್ಲಿಷಲ್ಲಿ ಬಂತು" ಅಂದರೆ ನಾನು ಏನು ಮಾಡಲಿ? ಸಮಸ್ಯೆಯ ಅರ್ಧ ಉತ್ತರ ಆ ಇಂಗ್ಲಿಷಿನಲ್ಲೇ ಇರುತ್ತದೆ.

ಓದದೆ ಮುಂದೆ ಹೋಗುವುದರಲ್ಲಿ ನಮ್ಮೂರಿನವರೇನೂ ವಿಶೇಷವಲ್ಲ. 2021ರಲ್ಲಿ ಲೈನಸ್ ಸೆಬಾಸ್ಟಿಯನ್ ಎಂಬ ಕೆನಡಾದ ಹೆಸರಾಂತ ಯೂಟ್ಯೂಬರ್, ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಗೇಮುಗಳ ಅಂಗಡಿಯಾದ ಸ್ಟೀಮ್ ಹಾಕಲು ಹೋದರು. ಆಗ ಆ ಪ್ಯಾಕೇಜಿನಲ್ಲಿ ದೋಷವಿತ್ತು. ಇದನ್ನು ಹಾಕಬೇಕಾದರೆ ಡೆಸ್ಕ್‌ಟಾಪನ್ನೇ ತೆಗೆಯಬೇಕಾಗುತ್ತದೆ, ನಿಜಕ್ಕೂ ಮಾಡಲೇ ಎಂದು ಲಿನಕ್ಸ್ ಎಚ್ಚರಿಸಿ, "ಯೆಸ್, ಡೂ ಆ್ಯಸ್ ಐ ಸೇ!" ಎಂದು ಪೂರ್ತಿ ಟೈಪ್ ಮಾಡುವಂತೆ ಕೇಳಿತು. ಅವರು ಟೈಪ್ ಮಾಡಿದರು. ಡೆಸ್ಕ್‌ಟಾಪ್ ಹೋಯಿತು, ಕಪ್ಪು ಪರದೆ ಉಳಿಯಿತು. ಲಕ್ಷಾಂತರ ಜನ ನೋಡಿ ನಕ್ಕರು. ತಪ್ಪು ಅವರದ್ದಷ್ಟೇ ಅಲ್ಲ ಎಂದು ನನಗನ್ನಿಸುತ್ತದೆ. ಒಂದು ಗೇಮ್ ಹಾಕಲು ಹೋದವನ ಕೈಗೆ ಮನೆ ಕೆಡವುವ ಅಧಿಕಾರ ಕೊಡುವ ವ್ಯವಸ್ಥೆಯಲ್ಲೂ ಏನೋ ಐಬಿದೆ.

ವಿಂಡೋಸಿನಿಂದ ಬಂದವರಿಗೆ ಸಾಫ್ಟ್‌ವೇರ್ ಎಂದರೆ ಜಾಲತಾಣದಿಂದ ಇಳಿಸಿ ಡಬಲ್ ಕ್ಲಿಕ್ ಮಾಡುವುದು. ಲಿನಕ್ಸಿನಲ್ಲಿ ಮೊದಲು ನೋಡಬೇಕಾದ್ದು ಅದರದೇ ಸಾಫ್ಟ್‌ವೇರ್ ಮ್ಯಾನೇಜರ್. ಅಲ್ಲಿರುವುದು ಒಂದರೊಡನೊಂದು ಹೊಂದುವಂತೆ ಪರೀಕ್ಷೆಯಾದದ್ದು, ಅಪ್‌ಡೇಟೂ ಒಟ್ಟಿಗೇ ಬರುತ್ತದೆ. ಅಲ್ಲಿಲ್ಲದಿದ್ದರೆ ಫ್ಲ್ಯಾಟ್‌ಪ್ಯಾಕ್; ಅದು ತನಗೆ ಬೇಕಾದ್ದನ್ನೆಲ್ಲ ತಾನೇ ಕಟ್ಟಿಕೊಂಡು ಬರುವುದರಿಂದ ಜಾಗ ಜಾಸ್ತಿ ತಿಂದರೂ ಒಳಗಿನ ವ್ಯವಸ್ಥೆಯನ್ನು ಕದಡುವುದಿಲ್ಲ. ಕ್ರೋಮ್‌ನಂಥವನ್ನು ಕಂಪನಿಯ ತಾಣದಿಂದಲೇ ಡೆಬ್ ಫೈಲಾಗಿ ತರಬಹುದು. ಪಿಪಿಎ ಎಂಬ ಖಾಸಗಿ ಸಾಫ್ಟ್‌ವೇರ್ ಭಂಡಾರವನ್ನು ಯಾರು ಬೇಕಾದರೂ ತೆರೆಯಬಹುದು. ತೆರೆದವರು ಎರಡು ವರ್ಷಕ್ಕೆ ಬೇಸತ್ತು ಕೈಬಿಟ್ಟರೆ ಮುಂದಿನ ದೊಡ್ಡ ಅಪ್‌ಗ್ರೇಡಿನಲ್ಲಿ ಸಿಕ್ಕಿಬೀಳುವುದು ನೀವು. ಎಲ್ಲಿಂದಲೋ ಎತ್ತಿಕೊಂಡ ಉದ್ದದ ಆಜ್ಞೆಯನ್ನು, ಪೂರ್ತಿ ಅಧಿಕಾರ ಕೊಡುವ ಸುಡೋ ಹಚ್ಚಿ, ಟರ್ಮಿನಲ್ಲಿಗೆ ಅಂಟಿಸುವುದಂತೂ ಗುರುತಿಲ್ಲದವರಿಗೆ ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟಿದ್ದಕ್ಕೆ ಸಮ. ಒಂದೇ ಫೈಲಾಗಿ ಬರುವ ಆ್ಯಪ್‌ಇಮೇಜ್ ಇಳಿಸಿ ಕ್ಲಿಕ್ ಮಾಡಿದರೆ ಏನೂ ಆಗುತ್ತಿಲ್ಲ ಅನ್ನುವ ದೂರೂ ಬರುತ್ತದೆ. ಉಬುಂಟು 22.04ರಿಂದೀಚೆಗೆ ಫ್ಯೂಸ್ 2 ಎಂಬ ಲೈಬ್ರರಿ ಜೊತೆಗೆ ಬರುವುದಿಲ್ಲ, ಅದನ್ನು ಹಾಕಿದರೆ ಬಹುಪಾಲು ಏಳುತ್ತವೆ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಪ್ರಿಂಟರು ಮತ್ತು ನುಡಿ. ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು ತಾನು ಇಟ್ಟುಕೊಳ್ಳುವುದಿಲ್ಲ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಕಳಿಸಬೇಕು. ಎಚ್‌ಪಿಎಲ್‌ಐಪಿ ಎಂಬ ಡ್ರೈವರ್ ಹಾಕಿ, ಅದರ ಪ್ಲಗಿನ್ನನ್ನು ಬೇರೆಯಾಗಿ ಇಳಿಸಿಕೊಂಡರೆ ಓಡುತ್ತದೆ. ಪ್ಲಗಿನ್ ಮರೆತರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಹಾಳೆ ಮಾತ್ರ ಬರುವುದಿಲ್ಲ. ಅರ್ಧ ಕರ್ನಾಟಕದ ಜೆರಾಕ್ಸ್ ಅಂಗಡಿಗಳಲ್ಲಿರುವ ಕ್ಯಾನನ್ ಎಲ್‌ಬಿಪಿ2900 ಮಾತಾಡುವುದು ಕ್ಯಾಪ್ಟ್ ಎಂಬ ತನ್ನದೇ ಭಾಷೆ. ಅದರ ಡ್ರೈವರ್ ಬೇರೆ ತಂದು ಕೂರಿಸಬೇಕು, ಪುರುಸೊತ್ತು ಇಟ್ಟುಕೊಂಡು ಕೂರಬೇಕು.

ಕನ್ನಡ ಟೈಪ್ ಮಾಡುವ ನುಡಿ ವಿಂಡೋಸಿನ ತಂತ್ರಾಂಶ. ವಕೀಲರೊಬ್ಬರ ಹಿರಿಯ ಗುಮಾಸ್ತರು ಲಿನಕ್ಸಿನಲ್ಲಿ ತಮ್ಮ ಹಳೇ ದಾವೆಯ ಫೈಲು ತೆಗೆದು ಹೌಹಾರಿದರು. "ಏನಮ್ಮಾ ಇದು, ಎಲ್ಲಾ ಫ್ರೆಂಚ್ ಆಗ್ಹೋಗಿದೆ!" ನೋಡಿದರೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಹಳೇ ನುಡಿ ಫೈಲುಗಳಲ್ಲಿ ಕನ್ನಡ ಕಾಣುವುದು ಫಾಂಟಿನಿಂದ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಅವಕ್ಕೆ ನುಡಿ ಫಾಂಟು ಕನ್ನಡದ ರೂಪ ತೊಡಿಸುತ್ತದೆ. ಅವರ ಹಳೇ ಕಂಪ್ಯೂಟರಿನಿಂದ ಆ ಫಾಂಟುಗಳನ್ನು ತಂದು ಇದರ ಫಾಂಟ್ ಫೋಲ್ಡರಿಗೆ ಹಾಕಿದೆ. ಫೈಲು ಮುಚ್ಚಿ ತೆಗೆದರು, ವಾದಿ ಪ್ರತಿವಾದಿ ಎಲ್ಲ ಸ್ವಸ್ಥಾನಕ್ಕೆ ಬಂದಿದ್ದರು. ಹೊಸದಾಗಿ ಟೈಪ್ ಮಾಡಲು ಲಿನಕ್ಸಿನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನ ಎಂ17ಎನ್ ಪಟ್ಟಿಯಲ್ಲಿ ಕೆಜಿಪಿ ಕೀಲಿಮಣೆ ಇದೆ. ನುಡಿಯಲ್ಲಿ ಪಳಗಿದ ಬೆರಳುಗಳು ಅಲ್ಲೇ ಓಡುತ್ತವೆ, ಬರುವುದು ಮಾತ್ರ ಯುನಿಕೋಡ್. ಹಳೆಯದನ್ನು ತಿದ್ದಬೇಕಾದರೆ ಮೊದಲು ಪರಿವರ್ತಕದಲ್ಲಿ ಹಾಯಿಸಿ ಯುನಿಕೋಡ್ ಮಾಡಿಕೊಳ್ಳಬೇಕು. ಅರ್ಕಾವೊತ್ತು ಒಂದೆರಡು ಕಡೆ ಕೈಕೊಡುತ್ತದೆ, ಕಣ್ಣಾಡಿಸಬೇಕು. ಇಷ್ಟಾದ ಮೇಲೆ ಗುಮಾಸ್ತರು ಕೇಳಿದ್ದು, "ವೈರಸ್ ಹಾಕಕ್ಕೆ ಎಷ್ಟಾಗುತ್ತೆ?" ಆ್ಯಂಟಿವೈರಸ್ ಬೇಡ ಅಂದೆ. ನಂಬಲಿಲ್ಲ.

ಕೆಲವರನ್ನು ಲಿನಕ್ಸ್ ಹಾಕದೆ ವಾಪಸು ಕಳಿಸುತ್ತೇನೆ. ಕೊಬ್ಬರಿ ಮಂಡಿಯವರು ಲೆಕ್ಕದ ಟ್ಯಾಲಿ ಇಲ್ಲದೆ ಒಂದು ದಿನ ಇರಲಾರರು, ಅದು ಇರುವುದು ವಿಂಡೋಸಿಗೆ. ವೈನ್ ಎಂಬ ಏರ್ಪಾಡಿನಲ್ಲಿ ವಿಂಡೋಸ್ ಪ್ರೋಗ್ರಾಮುಗಳನ್ನು ಓಡಿಸಬಹುದು, ಆದರೆ ವ್ಯಾಪಾರದ ಲೆಕ್ಕವನ್ನು ಅದರ ಮೇಲೆ ನಿಲ್ಲಿಸುವ ಧೈರ್ಯ ನನಗಿಲ್ಲ. ಟೆಂಡರಿಗೆ ಡಿಜಿಟಲ್ ಸಹಿಯ ಡಾಂಗಲ್ ಚುಚ್ಚುವ ಕಂಟ್ರಾಕ್ಟರುಗಳಿಗೂ ಇದೇ ಮಾತು: ನಿಮ್ಮ ಡಾಂಗಲ್ಲಿಗೆ ಲಿನಕ್ಸ್ ಡ್ರೈವರ್ ಇದೆಯೇ ಅಂತ ಅದನ್ನು ಮಾರಿದವರನ್ನು ಮೊದಲು ಕೇಳಿಕೊಂಡು ಬನ್ನಿ. ಬ್ರೌಸರು, ಪತ್ರ, ಮಕ್ಕಳ ಓದು, ಸಿನಿಮಾ ಇಷ್ಟಿದ್ದವರಿಗೆ ಪೆನ್‌ಡ್ರೈವ್ ಚುಚ್ಚಿ ಅಲ್ಲೇ ಓಡಿಸಿ ತೋರಿಸುತ್ತೇನೆ. ಒಪ್ಪಿದರೆ ಡೇಟಾ ಬ್ಯಾಕಪ್ ತಗೊಂಡು ನಾಳೆ ಬನ್ನಿ ಅನ್ನುತ್ತೇನೆ; ಬ್ಯಾಕಪ್ ಇಲ್ಲದೆ ಬಂದರೆ ಡಿಸ್ಕ್ ಮುಟ್ಟುವುದಿಲ್ಲ.